ಒಂದೇ ಎರೆಗೆ ಬಂದ ನೊಣಗಳನ್ನು ಒಂದು ಸಮೂಹ ಎಂದು ಎಣಿಸಬಹುದೇ?

ಕೀಟವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ಕೊಳೆಯತೊಡಗಿದ ಮಾಂಸಕ್ಕೆ ಉಳಿದೆಲ್ಲ ಕೀಟಗಳಿಗಿಂತ ಮೊದಲು ಬಂದು ಮುತ್ತುವ, ಲೋಹದ ಹೊಳಪಿನ ಹಸಿರು ಮತ್ತು ನೀಲಿ ಮೈಯ ನೊಣಗಳನ್ನು, ಅಂದರೆ ಕ್ಯಾಲಿಫೊರಿಡೇ ಕುಟುಂಬದ ಬ್ಲೋಫ್ಲೈಗಳನ್ನು, ನನ್ನ ಸ್ನಾತಕೋತ್ತರ ಕಿರುಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಲುಸಿಲಿಯ ಸೆರಿಕಾಟ ಎಂಬ ಒಂದೇ ಪ್ರಭೇದದ ನೊಣಗಳನ್ನು ಆರು ತಾಣಗಳಿಂದ, ತಾಣವೊಂದಕ್ಕೆ ಹದಿನೈದರಂತೆ ಹಿಡಿದು, ಜೀವಕೋಶದ ಶಕ್ತಿಘಟಕವಾದ ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನಲ್ಲಿ 658 ಬೇಸ್‌ಗಳ, ಅಂದರೆ ಡಿಎನ್‌ಎ ಅಕ್ಷರಗಳ, ಭಾಗವನ್ನು ಓದಿಸಿದ್ದೇನೆ. ಪ್ರತಿ ತಾಣದಲ್ಲೂ ಕೋಳಿಯ ಪಿತ್ತಜನಕಾಂಗವನ್ನು ಎರೆಯಾಗಿಟ್ಟ ಒಂದೇ ಬೋನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಇರಿಸಿದ್ದೆ.

ಫಲಿತಾಂಶ ನನ್ನನ್ನು ಗೊಂದಲಕ್ಕೆ ಕೆಡವಿದೆ. ಎರಡು ತಾಣಗಳ ನಡುವಿನ ಆನುವಂಶಿಕ ಅಂತರವನ್ನು ಅಳೆಯುವ ಎಫ್‌ಎಸ್‌ಟಿ ಕೆಲವು ಜೋಡಿಗಳಲ್ಲಿ ದೊಡ್ಡದಾಗಿಯೇ ಬಂದಿದೆ, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಅದು ಅರ್ಥಪೂರ್ಣ ಎಂದೂ ತೋರುತ್ತಿದೆ. ಆದರೆ ಆ ಅಂತರಕ್ಕೂ ಭೂಮಿಯ ಮೇಲಿನ ದೂರಕ್ಕೂ ಯಾವ ಸಂಬಂಧವೂ ಕಾಣುವುದಿಲ್ಲ. ಪಕ್ಕಪಕ್ಕದ ಎರಡು ತಾಣಗಳ ನೊಣಗಳು ಬೇರೆಬೇರೆ ಎಂದು ತೋರಿದರೆ, ಎಲ್ಲಕ್ಕಿಂತ ದೂರದ ಎರಡು ತಾಣಗಳ ನೊಣಗಳು ಒಂದೇ ಎಂಬಂತಿವೆ.

ಈ ಆರನ್ನು ಪ್ರತ್ಯೇಕ ಸಮೂಹಗಳೆಂದು, ಅಂದರೆ ಬಹುಮಟ್ಟಿಗೆ ತಮ್ಮೊಳಗೇ ಕೂಡುವ ಗುಂಪುಗಳೆಂದು, ಬರೆಯಬಹುದೇ? ಮುಂದಿನ ಹಂತದಲ್ಲಿ ಹೆಚ್ಚು ನೊಣಗಳನ್ನು ಓದಿಸಬೇಕೇ ಅಥವಾ ಹೆಚ್ಚು ಜೀನುಗಳನ್ನೇ? ಶವವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ್ದಾರೆಯೇ ಎಂಬುದನ್ನು ಅದರ ಮೇಲಿನ ಹುಳುಗಳ ಡಿಎನ್‌ಎಯಿಂದ ತಿಳಿಯಬಹುದು ಎಂದು ಪೀಠಿಕೆಯಲ್ಲಿ ಈಗಾಗಲೇ ಬರೆದುಕೊಂಡಿದ್ದೇನೆ, ಆ ಮಾತು ನಿಲ್ಲುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಹಳೆಯ ಬೋನು:

ನಿಮ್ಮ ಗೊಂದಲದ ಮೂಲ ಜೀನಿನಲ್ಲಿಲ್ಲ, ಬೋನಿನಲ್ಲಿದೆ ಎಂದು ನನಗನ್ನಿಸುತ್ತದೆ. "ಒಂದೇ ಬೋನು, ಒಂದು ಮಧ್ಯಾಹ್ನ" ಎಂಬ ನಿಮ್ಮ ಮಾತನ್ನು ಓದಿದಾಗಲೇ ಫಲಿತಾಂಶ ಹೀಗೆಯೇ ಇರಬಹುದೆಂದು ಊಹಿಸಿದೆ.

ಈ ನೊಣದ ಬದುಕನ್ನು ಒಮ್ಮೆ ನೆನೆಯೋಣ. ಒಂದು ಹೆಣ್ಣು ಒಂದು ಸಲಕ್ಕೆ ಸುಮಾರು ಇನ್ನೂರು ಮೊಟ್ಟೆಗಳನ್ನು ಒತ್ತೊತ್ತಾಗಿ ಒಂದೇ ಗುಂಪಿನಲ್ಲಿ ಇಡುತ್ತದೆ. ಆ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಡೆಯುತ್ತವೆ, ಹುಳುಗಳು ಗುಂಪಾಗಿ ತಿನ್ನುತ್ತವೆ, ಬಲಿತ ಮೇಲೆ ಹತ್ತಿರದ ಮಣ್ಣಿಗಿಳಿದು ಕೋಶ ಕಟ್ಟುತ್ತವೆ, ಕೊನೆಗೆ ಒಂದೆರಡು ದಿನಗಳ ಅಂತರದಲ್ಲಿ ಎಲ್ಲವೂ ನೊಣಗಳಾಗಿ ಹೊರಬರುತ್ತವೆ. ಒಂದು ಸತ್ತ ಪ್ರಾಣಿಯಿಂದ ಹೀಗೆ ಹೊರಬಿದ್ದ ಒಡಹುಟ್ಟುಗಳು ಚದುರಿಹೋಗುವ ಮೊದಲೇ ನಿಮ್ಮ ಎರೆಯ ವಾಸನೆ ಅವುಗಳಿಗೆ ತಟ್ಟಿದರೆ, ನಿಮ್ಮ ಕೈಗೆ ಸಿಗುವುದು ಆ ಊರಿನ ನೊಣಗಳ ಮಾದರಿಯಲ್ಲ, ಎರಡು ಮೂರು ತಾಯಂದಿರ ಸಂಸಾರ.

ಇದು ಬರಿಯ ಊಹೆಯಲ್ಲ. ಉತ್ತರ ಅಮೆರಿಕದ ಫಾರ್ಮಿಯ ರೆಜಿನ ಎಂಬ ಕಪ್ಪು ಬ್ಲೋಫ್ಲೈಯನ್ನು ಜೀನೋಮಿನ ಉದ್ದಕ್ಕೂ ಹರಡಿರುವ ಎಎಫ್‌ಎಲ್‌ಪಿ ಎಂಬ ಡಿಎನ್‌ಎ ಗುರುತುಗಳಿಂದ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೌಗೋಳಿಕ ವಿನ್ಯಾಸವೆಂಬುದು ಬಹುಮಟ್ಟಿಗೆ ಕಾಣಲಿಲ್ಲ. ಆದರೆ ಒಂದೇ ಹೊತ್ತಿನಲ್ಲಿ ಒಂದೇ ಎರೆಗೆ ಬಂದ ನೊಣಗಳು ಪರಸ್ಪರ ಹತ್ತಿರದ ರಕ್ತಸಂಬಂಧಿಗಳಾಗಿದ್ದವು. ಅಲ್ಲಿಯ ಪಾಠ ನಿಮಗೂ ಅನ್ವಯಿಸುತ್ತದೆ: ತಾಣಗಳ ನಡುವೆ ಕಂಡ ವ್ಯತ್ಯಾಸ ಊರಿನ ವ್ಯತ್ಯಾಸವಲ್ಲದೆ ಮನೆತನಗಳ ವ್ಯತ್ಯಾಸವಾಗಿರಬಹುದು. ಹಾಗಿದ್ದರೆ ಅದು ದೂರದೊಂದಿಗೆ ಹೊಂದಿಕೊಳ್ಳಬೇಕಾದ ಕಾರಣವೇ ಇಲ್ಲ. ಅದೇ ತಾಣದಲ್ಲಿ ಮುಂದಿನ ತಿಂಗಳು ಬೋನು ಇಟ್ಟರೆ ಬೇರೆ ಸಂಸಾರ ಬಂದು ಬೀಳುತ್ತದೆ, ನಿಮ್ಮ ಎಫ್‌ಎಸ್‌ಟಿ ಬೇರೆಯದೇ ಕಥೆ ಹೇಳುತ್ತದೆ.

ನಾನು ಕೆಲಸಕ್ಕೆ ತೊಡಗಿದ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಒಂದು ಸಂಜೆ ಬೋನಿನ ತುಂಬ ನೊಣಗಳು ಸಿಕ್ಕಿದವೆಂದು ಸಂಭ್ರಮಪಟ್ಟು, ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬಹುತೇಕ ಎಲ್ಲದರ ರೆಕ್ಕೆಯ ಅಂಚೂ ಆಗಷ್ಟೇ ಕತ್ತರಿಸಿದ ಕಾಗದದಂತೆ ನಯವಾಗಿತ್ತು. ಹಾರಿ ಹಾರಿ ಹಳತಾದ ನೊಣದ ರೆಕ್ಕೆಯ ತುದಿ ಹರಿದು ಗರಗಸದಂತಾಗಿರುತ್ತದೆ. ಒಂದು ಬೋನಿನಲ್ಲಿ ಎಲ್ಲವೂ ಹೊಸ ರೆಕ್ಕೆಗಳೇ ಆಗಿದ್ದರೆ, ಮೈಯ ಗಾತ್ರವೂ ಒಂದೇ ಆಗಿದ್ದರೆ, ಅವು ಒಂದೇ ಕಡೆ ಒಟ್ಟಿಗೆ ಹುಟ್ಟಿದವು ಎಂದು ಶಂಕಿಸಬೇಕು. ಡಿಎನ್‌ಎ ತೆಗೆಯುವ ಮೊದಲು ಐದು ನಿಮಿಷ ರೆಕ್ಕೆ ನೋಡುವ ಅಭ್ಯಾಸ ಅಂದಿನಿಂದ ನನಗೆ ಅಂಟಿಕೊಂಡಿದೆ.

ಆದ್ದರಿಂದ ಹೆಚ್ಚು ನೊಣಗಳೋ ಹೆಚ್ಚು ಜೀನುಗಳೋ ಎಂಬ ನಿಮ್ಮ ಪ್ರಶ್ನೆಗೆ ಮೊದಲು ನಾನು ಕೊಡುವ ಉತ್ತರ ಹೆಚ್ಚು ಬೋನುಗಳು. ತಾಣವೊಂದರಲ್ಲಿ ಒಂದಕ್ಕೊಂದು ಸಾಕಷ್ಟು ದೂರವಿರುವ ಹಲವು ಎರೆಗಳನ್ನು, ಬೇರೆಬೇರೆ ದಿನಗಳಲ್ಲಿ, ಸಾಧ್ಯವಾದರೆ ಬೇರೆಬೇರೆ ತಿಂಗಳುಗಳಲ್ಲಿ ಇಟ್ಟು, ಪ್ರತಿಯೊಂದರಿಂದ ಎರಡು ಮೂರು ನೊಣಗಳನ್ನಷ್ಟೇ ತೆಗೆದುಕೊಳ್ಳಿ. ಹದಿನೈದು ನೊಣಗಳು ಏಳೆಂಟು ಬೋನುಗಳಿಂದ ಬಂದಿದ್ದರೆ ಅವು ಒಂದೇ ಬೋನಿನ ಐವತ್ತು ನೊಣಗಳಿಗಿಂತ ಹೆಚ್ಚಿನದನ್ನು ಹೇಳುತ್ತವೆ.

ಎರಡನೆಯದಾಗಿ ಜೀನುಗಳ ಮಾತು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ಒಂದೇ ಹ್ಯಾಪ್ಲೊಟೈಪ್, ಅಂದರೆ ಆ ಜೀನಿನ ಒಂದೇ ಸರಣಿ, ಇರುವ ಎರಡು ನೊಣಗಳು ಅಕ್ಕತಂಗಿಯರೋ, ನೂರು ತಲೆಮಾರಿನ ಹಿಂದಿನ ಒಬ್ಬ ಅಜ್ಜಿಯ ವಂಶದವೋ ಎಂಬುದನ್ನು ಸಿಒಐ ಬಿಡಿಸಿ ಹೇಳಲಾರದು. ಅದಕ್ಕೆ ತಾಯ್ತಂದೆ ಇಬ್ಬರಿಂದಲೂ ಬರುವ ಕೋಶಕೇಂದ್ರದ ಡಿಎನ್‌ಎಯೇ ಬೇಕು. ಮೈಕ್ರೊಸ್ಯಾಟಲೈಟ್‌ಗಳನ್ನು, ಅಂದರೆ ಅವೇ ಕೆಲವು ಅಕ್ಷರಗಳು ಮರುಕಳಿಸುವ ಡಿಎನ್‌ಎ ತುಣುಕುಗಳನ್ನು, ಬಳಸುವುದಾದರೆ ಎಚ್ಚರವಿರಲಿ, ಪ್ರತಿ ತೆಗೆಯಲು ಬಳಸುವ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ಎಳೆ ಕೂರುವ ಜಾಗದಲ್ಲಿಯೇ ಬದಲಾವಣೆಯಾಗಿ ಅಲೀಲ್, ಅಂದರೆ ಅಲ್ಲಿರುವ ರೂಪ, ಕಣ್ಣಿಗೆ ಬೀಳದೆ ಹೋಗುವುದು ಕೀಟಗಳಲ್ಲಿ ಅಪರೂಪವಲ್ಲ. ಆಗ ಭಿನ್ನ ಅಲೀಲ್‌ಗಳ ನೊಣವೂ ಏಕರೂಪದ್ದೆಂದು ದಾಖಲಾಗಿ, ಇಲ್ಲದ ಒಳಸಂತಾನವನ್ನು, ಅಂದರೆ ಬಂಧುಗಳೊಳಗಿನ ಕೂಡಿಕೆಯನ್ನು, ಇದೆ ಎಂದು ತೋರಿಸುತ್ತದೆ. ಪ್ರಯೋಗಾಲಯದ ಅನುಕೂಲವಿದ್ದರೆ ರ‍್ಯಾಡ್ ಎಂಬ ವಿಧಾನದಿಂದ ಒಂದೊಂದೇ ಬೇಸ್ ಬದಲಾದ ಸಾವಿರಾರು ಜಾಗಗಳನ್ನು ಒಟ್ಟಿಗೆ ಓದಿಸುವುದು ಮೇಲು, ಏಕೆಂದರೆ ಅಷ್ಟು ಗುರುತುಗಳಿದ್ದಾಗ ಕೆಲವೇ ನೊಣಗಳಿಂದಲೂ ಬಂಧುತ್ವವನ್ನು ನಂಬಿಕೆಯಿಂದ ಅಳೆಯಬಹುದು.

ಅಂಕಿ ಹಿಡಿದವರು:

ಹಳೆಯ ಬೋನು ಅವರ ಮಾತಿಗೆ ಸಂಖ್ಯಾಶಾಸ್ತ್ರದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಎಫ್‌ಎಸ್‌ಟಿ ಅರ್ಥಪೂರ್ಣವೇ ಎಂದು ನೋಡುವ ಪರೀಕ್ಷೆಯು ನೊಣಗಳನ್ನು ತಾಣಗಳ ನಡುವೆ ಮನಬಂದಂತೆ ಅದಲುಬದಲು ಮಾಡಿ, ಹಾಗೆ ಬಂದ ಬೆಲೆಗಳೊಂದಿಗೆ ನಿಮ್ಮ ಬೆಲೆಯನ್ನು ಹೋಲಿಸುತ್ತದೆ. ಪ್ರತಿಯೊಂದು ನೊಣವೂ ಸ್ವತಂತ್ರ ಸಾಕ್ಷಿ ಎಂಬುದು ಅದರ ಹಿಂದಿನ ನಂಬಿಕೆ. ಹದಿನೈದರಲ್ಲಿ ಹತ್ತು ನೊಣಗಳು ಒಬ್ಬಳೇ ತಾಯಿಯ ಮಕ್ಕಳಾಗಿದ್ದರೆ, ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿ ಹತ್ತು ಸಲ ಬಂದು ಅದೇ ಹೇಳಿಕೆ ಕೊಟ್ಟಂತೆ ಆಗುತ್ತದೆ, ಪರೀಕ್ಷೆಗೆ ಅದು ತಿಳಿಯುವುದಿಲ್ಲ. ಬಂಧುತ್ವವನ್ನು ಮೊದಲು ಲೆಕ್ಕಹಾಕಿ, ಪ್ರತಿ ಸಂಸಾರದಿಂದ ಒಂದನ್ನು ಮಾತ್ರ ಉಳಿಸಿಕೊಂಡು ಮತ್ತೆ ಎಫ್‌ಎಸ್‌ಟಿ ಕಂಡುಹಿಡಿಯಿರಿ. ಬೆಲೆ ಕುಸಿದರೆ ಉತ್ತರ ಸಿಕ್ಕಿದಂತೆಯೇ.

ಸಿಒಐಯನ್ನು ಮಾತ್ರ ನಂಬುವುದರಲ್ಲಿ ಬಂಧುತ್ವಕ್ಕಿಂತ ಆಳವಾದ ತೊಡಕೂ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲುಸಿಲಿಯ ಕುಪ್ರಿನ ಎಂಬುದು ನಿಮ್ಮ ಸೆರಿಕಾಟದ ಹತ್ತಿರದ ದಾಯಾದಿ. ಅದರ ಎರಡು ಉಪಪ್ರಭೇದಗಳಲ್ಲಿ ಒಂದಾದ ಕುಪ್ರಿನ ಕುಪ್ರಿನಕ್ಕೆ ಸೇರಿದ ಹವಾಯಿಯ ನೊಣಗಳನ್ನು ಪರೀಕ್ಷಿಸಿದಾಗ, ಕೋಶಕೇಂದ್ರದ ಜೀನು ಅವುಗಳನ್ನು ಕುಪ್ರಿನ ಎಂದಿತು, ಮೈಟೊಕಾಂಡ್ರಿಯದ ಜೀನು ಸೆರಿಕಾಟದ ಪಕ್ಕಕ್ಕೆ ಒಯ್ದು ಕೂರಿಸಿತು. ಹಿಂದೆಂದೋ ನಡೆದ ಸಂಕರದಿಂದ ಒಂದು ಪ್ರಭೇದದ ಮೈಟೊಕಾಂಡ್ರಿಯ ಇನ್ನೊಂದರ ದೇಹಕ್ಕೆ ಸೇರಿ ಅಲ್ಲಿಯೇ ನೆಲೆಯೂರಿತು ಎಂಬುದು ಇದಕ್ಕೆ ಕೊಡುವ ವಿವರಣೆ. ಅಂದರೆ ನಿಮ್ಮ ಹ್ಯಾಪ್ಲೊಟೈಪ್‌ಗಳಲ್ಲಿ ಒಂದು ಉಳಿದವುಗಳಿಂದ ತೀರ ದೂರ ನಿಂತಿದ್ದರೆ, ಅದನ್ನು ತಾಣದ ವೈಶಿಷ್ಟ್ಯವೆಂದು ಸಂಭ್ರಮಿಸುವ ಮೊದಲು ಆ ನೊಣದ ಗುರುತನ್ನೇ ಮತ್ತೊಮ್ಮೆ ನೋಡಬೇಕು.

ಇನ್ನೊಂದು ತೊಡಕು ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯದ್ದು. ಅದು ಕೀಟದ ಜೀವಕೋಶದೊಳಗೆ ವಾಸಿಸುತ್ತ, ಮೈಟೊಕಾಂಡ್ರಿಯದಂತೆಯೇ ತಾಯಿಯ ಮೊಟ್ಟೆಯ ಮೂಲಕ ಮಕ್ಕಳಿಗೆ ದಾಟುತ್ತದೆ. ಸೋಂಕು ಸಮೂಹದಲ್ಲಿ ಬೇಗ ಹರಡಿದಾಗ, ಸೋಂಕಿನ ಮೊದಲ ತಾಯಿಯ ಮೈಟೊಕಾಂಡ್ರಿಯವೂ ಅದರ ಬೆನ್ನಿಗೆ ಅಂಟಿಕೊಂಡು ಎಲ್ಲೆಡೆ ಹರಡುತ್ತದೆ, ಹಳೆಯ ವೈವಿಧ್ಯ ಅಳಿಸಿಹೋಗುತ್ತದೆ. ಹಕ್ಕಿಮರಿಗಳ ರಕ್ತ ಹೀರುವ ಪ್ರೊಟೊಕ್ಯಾಲಿಫೊರ ಕುಲದ ಬ್ಲೋಫ್ಲೈಗಳನ್ನು ಸಿಒಐ ಬಾರ್‌ಕೋಡಿನಿಂದ ಗುರುತಿಸಲು ಹೊರಟವರು 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹಲವು ಪ್ರಭೇದಗಳನ್ನು ಆ ಜೀನಿನಿಂದ ಬೇರ್ಪಡಿಸಲು ಆಗಲೇ ಇಲ್ಲ, ಆ ನೊಣಗಳಲ್ಲಿ ವೊಲ್ಬಾಕಿಯ ವ್ಯಾಪಕವಾಗಿತ್ತು. ಪ್ರಭೇದಗಳ ಮಟ್ಟದಲ್ಲಿಯೇ ಈ ಪಾಡಾದರೆ ಒಂದು ಪ್ರಭೇದದ ಒಳಗಿನ ಸಮೂಹಗಳ ಮಾತು ಹೇಳುವುದೇ ಬೇಡ. ವೊಲ್ಬಾಕಿಯ ಇದೆಯೇ ಎಂದು ನೋಡುವ ಪಿಸಿಆರ್, ಅಂದರೆ ಡಿಎನ್‌ಎ ಪ್ರತಿ ತೆಗೆದು ನೋಡುವ ಪರೀಕ್ಷೆ, ಸುಲಭದ್ದು. ತೆಗೆದಿಟ್ಟ ಡಿಎನ್‌ಎಯಲ್ಲಿಯೇ ಮಾಡಿ ಮುಗಿಸಬಹುದು.

ವಂಶವೃಕ್ಷದ ಚಿತ್ರ ಬರೆದಿದ್ದರೆ ಅದನ್ನು ತೆಗೆದುಬಿಡಿ. ಮರದ ಕೊಂಬೆಗಳು ಒಮ್ಮೆ ಕವಲೊಡೆದರೆ ಮತ್ತೆ ಕೂಡುವುದಿಲ್ಲ, ಆದರೆ ಒಂದು ಪ್ರಭೇದದೊಳಗಿನ ನೊಣಗಳು ಪ್ರತಿ ತಲೆಮಾರಿನಲ್ಲೂ ಕೂಡುತ್ತಲೇ ಇರುತ್ತವೆ. ಯಾವ ಸರಣಿ ಯಾವುದಕ್ಕೆ ಹತ್ತಿರ ಎಂದು ಗೆರೆಗಳಿಂದ ತೋರಿಸುವ ಹ್ಯಾಪ್ಲೊಟೈಪ್ ಜಾಲವೇ ಇಲ್ಲಿ ಸರಿಯಾದ ಚಿತ್ರ.

ಕೀಟವಿದ್ಯಾರ್ಥಿ:

ಇಬ್ಬರಿಗೂ ಕೃತಜ್ಞತೆಗಳು. ಬಂಧುತ್ವದ ಸಾಧ್ಯತೆ ನನಗೆ ಹೊಳೆದಿರಲೇ ಇಲ್ಲ. ಆದರೆ ಇದೆಲ್ಲ ಒಪ್ಪಿದರೆ ಇನ್ನೊಂದು ಅನುಮಾನ ಬರುತ್ತದೆ. ನೊಣಗಳು ಅಷ್ಟು ದೂರ ಹಾರಿ, ಮನುಷ್ಯರ ಸರಕಿನೊಂದಿಗೂ ಪಯಣಿಸಿ, ಎಲ್ಲೆಡೆ ಬೆರೆತುಹೋಗುವುದೇ ನಿಜವಾದರೆ, ಸಮೂಹಗಳ ನಡುವಿನ ವ್ಯತ್ಯಾಸವನ್ನು ಹುಡುಕುವುದರಲ್ಲಿ ಅರ್ಥವಾದರೂ ಏನು?

ನ್ಯಾಯಕೀಟ:

ನಿಮ್ಮ ಅನುಮಾನ ಸರಿಯಾದದ್ದೇ, ಆದರೆ ಅದರಲ್ಲಿ ಎರಡು ಬೇರೆ ವಿಷಯಗಳು ಬೆರೆತಿವೆ. ಜೀನೋಮಿನ ಬಹುಭಾಗ ಎಲ್ಲೆಡೆ ಒಂದೇ ಬಗೆಯಲ್ಲಿ ಬೆರೆತಿದ್ದರೂ, ನಿಸರ್ಗದ ಆಯ್ಕೆ ಬಲವಾಗಿ ಒತ್ತುವ ಕೆಲವು ಜೀನುಗಳು ಊರಿಂದ ಊರಿಗೆ ಬೇರೆಯಾಗಿ ಉಳಿಯಬಲ್ಲವು. ಬಳಕೆಯ ದೃಷ್ಟಿಯಿಂದ ನಮಗೆ ಬೇಕಾಗುವುದೂ ಬಹುಪಾಲು ಅವೇ.

ಸಾವಿನ ನಂತರ ಕಳೆದ ಕನಿಷ್ಠ ಕಾಲವನ್ನು ಲೆಕ್ಕಹಾಕುವಾಗ ನಾವು ಶವದ ಮೇಲಿನ ಹುಳು ಎಷ್ಟು ಬೆಳೆದಿದೆ ಎಂದು ನೋಡಿ, ಆ ತಾಪಮಾನದಲ್ಲಿ ಅಷ್ಟು ಬೆಳೆಯಲು ಎಷ್ಟು ಗಂಟೆ ಬೇಕು ಎಂಬ ಕೋಷ್ಟಕಕ್ಕೆ ಹೋಲಿಸುತ್ತೇವೆ. ಆ ಕೋಷ್ಟಕ ಬೇರೊಂದು ದೇಶದ ನೊಣಗಳಿಂದ ಬಂದಿರುವುದು ಸಾಮಾನ್ಯ. ಲುಸಿಲಿಯ ಸೆರಿಕಾಟದಲ್ಲಿಯೇ ಕ್ಯಾಲಿಫೋರ್ನಿಯ ಮತ್ತು ಮ್ಯಾಸಚೂಸೆಟ್ಸ್‌ನ ನೊಣಗಳನ್ನು ಒಂದೇ ಪರಿಸ್ಥಿತಿಯಲ್ಲಿ ಸಾಕಿ ನೋಡಿದ 2010ರ ಪ್ರಯೋಗದಲ್ಲಿ, ಊರಿಗೆ ತಕ್ಕಂತೆ ಬೆಳವಣಿಗೆಯ ಅವಧಿ ಬೇರೆಬೇರೆಯಾಗಿತ್ತು. ತಾಪಮಾನ, ಆಹಾರ ಎಲ್ಲ ಸಮನಾಗಿದ್ದರೂ ಉಳಿದ ವ್ಯತ್ಯಾಸಕ್ಕೆ ವಂಶವೇ ಕಾರಣವೆನ್ನಬೇಕು. ಸಿಒಐ ಏನೂ ಹೇಳದ ಕಡೆ ಇಂಥ ವ್ಯತ್ಯಾಸ ಅಡಗಿರಬಹುದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಆರು ತಾಣಗಳ ನೊಣಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಆಹಾರದ ಮೇಲೆ, ಎರಡು ತಲೆಮಾರು ಸಾಕಿ ಬೆಳವಣಿಗೆಯ ಗಂಟೆಗಳನ್ನು ಬರೆದಿಟ್ಟರೆ, ಅದು ಇನ್ನೂ ನೂರು ಸಿಒಐ ಸರಣಿಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಆಯ್ಕೆಯ ಶಕ್ತಿಗೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಆಸ್ಟ್ರೇಲಿಯದ ಕುರಿಗಳನ್ನು ಕಾಡುವ ಲುಸಿಲಿಯ ಕುಪ್ರಿನದ್ದು. ಡಯಾಜಿನಾನ್ ಎಂಬ ಆರ್ಗನೊಫಾಸ್ಫೇಟ್ ಕೀಟನಾಶಕಕ್ಕೆ ಅದು ಕೆಲವೇ ವರ್ಷಗಳಲ್ಲಿ ನಿರೋಧ ಬೆಳೆಸಿಕೊಂಡಿತು. ಇ7 ಎಂಬ ಎಸ್ಟರೇಸ್ ಕಿಣ್ವದ 137ನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಇದ್ದಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದದ್ದೇ ಅದರ ಗುಟ್ಟು. ಮ್ಯಾಲಥಿಯಾನ್ ಎಂಬ ಅದೇ ಬಗೆಯ ಇನ್ನೊಂದು ಕೀಟನಾಶಕಕ್ಕೆ ಹೆಚ್ಚು ನಿರೋಧ ಕೊಡುವುದು ಅದೇ ಕಿಣ್ವದ 251ನೆಯ ಸ್ಥಾನದ ಬದಲಾವಣೆ. ಈ ಬದಲಾವಣೆಗಳು ಮೊದಲೇ ಇದ್ದವೇ ಅಥವಾ ವಿಷ ಬಂದ ಮೇಲೆ ಹುಟ್ಟಿದವೇ? ಇದನ್ನು ತಿಳಿಯಲು ಕೆಲವು ಸಂಶೋಧಕರು ಈ ವಿಷಗಳು ಬಳಕೆಗೆ ಬರುವ ಮೊದಲೇ ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಸಂಗ್ರಹಾಲಯದ ನೊಣಗಳಿಂದ ಡಿಎನ್‌ಎ ತೆಗೆದರು. ಮ್ಯಾಲಥಿಯಾನ್ ನಿರೋಧದ ರೂಪ ಆ ಹಳೆಯ ನೊಣಗಳಲ್ಲಿ ಆಗಲೇ ಇತ್ತು, ಡಯಾಜಿನಾನ್ ನಿರೋಧದ ರೂಪ ಸಿಗಲಿಲ್ಲ. 2006ರಲ್ಲಿ ಪ್ರಕಟವಾದ ಆ ಕೆಲಸವನ್ನು ಓದಿದಾಗಲೆಲ್ಲ, ಧೂಳು ಹಿಡಿದ ಪೆಟ್ಟಿಗೆಗಳನ್ನು ಎಸೆಯಬೇಡಿ ಎಂದು ಎಲ್ಲರಿಗೂ ಹೇಳಬೇಕೆನಿಸುತ್ತದೆ.

ಬೆರೆಯುವಿಕೆ ಎಲ್ಲ ಪ್ರಭೇದಗಳಲ್ಲೂ ಒಂದೇ ಸಮನಲ್ಲ ಎಂಬುದನ್ನೂ ನೆನಪಿಡಿ. ಜೀವಂತ ಪ್ರಾಣಿಯ ಗಾಯದೊಳಗೆ ಬೆಳೆಯುವ ಕಾಕ್ಲಿಯೊಮಯ ಹಾಮಿನಿವೊರಾಕ್ಸ್, ಅಂದರೆ ಅಮೆರಿಕ ಖಂಡಗಳ ಸ್ಕ್ರೂವರ್ಮ್, ಮೈಟೊಕಾಂಡ್ರಿಯದ ಅಧ್ಯಯನಗಳಲ್ಲಿ ಕ್ಯೂಬ, ಡೊಮಿನಿಕನ್ ಗಣರಾಜ್ಯ, ಅಮೆಜಾನಿನ ಉತ್ತರ, ಅಮೆಜಾನಿನ ದಕ್ಷಿಣ ಎಂದು ಗುಂಪುಗಳಾಗಿ ಒಡೆಯುತ್ತದೆ. ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ಆಕಾಶದಿಂದ ಬಿಟ್ಟು ಈ ಕೀಟವನ್ನು ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಅಳಿಸಿದ್ದು ತಮಗೆ ಗೊತ್ತೇ ಇದೆ. ಇಂಥ ಕೆಲಸದಲ್ಲಿ ಎಲ್ಲಿಂದ ಎಲ್ಲಿಗೆ ನೊಣ ವಲಸೆ ಬರುತ್ತದೆ ಎಂಬ ನಕ್ಷೆಯೇ ಅರ್ಧ ಕೆಲಸ.

ಇನ್ನು ಶವ ಸಾಗಿಸಿದ ಪ್ರಶ್ನೆ. ಒಂದು ಹುಳುವಿನ ಡಿಎನ್‌ಎ ನೋಡಿ ಇದು ಇಂಥ ಊರಿನದು ಎಂದು ಹೇಳುವ ಆಸೆಯನ್ನು ಸೆರಿಕಾಟದ ಮಟ್ಟಿಗಾದರೂ ಬಿಡಬೇಕು. ಆದರೆ ಹಳೆಯ ಬೋನು ಅವರು ತೊಡಕೆಂದು ತೋರಿಸಿದ ಬಂಧುತ್ವವೇ ಇಲ್ಲಿ ಕೈಹಿಡಿಯುತ್ತದೆ. ಶವ ಮೊದಲು ಬಿದ್ದಿದ್ದ ಜಾಗದಲ್ಲಿ ಕೆಲವು ಹುಳುಗಳು ಉಳಿದು, ಶವದೊಂದಿಗೆ ಕೆಲವು ಸಾಗಿಹೋಗಿದ್ದರೆ, ಎರಡೂ ಕಡೆಯವು ಒಂದೇ ತಾಯ್ತಂದೆಯ ಮಕ್ಕಳೇ ಎಂದು ಪರೀಕ್ಷಿಸಬಹುದು. ಈ ಉಪಾಯವನ್ನು ಸಂಶೋಧಕರು ಆಗಲೇ ಮುಂದಿಟ್ಟಿದ್ದಾರೆ. ನಿಮ್ಮ ಪೀಠಿಕೆಯ ಆ ವಾಕ್ಯವನ್ನು ಪೂರ್ತಿ ಹೊಡೆದುಹಾಕುವ ಬದಲು ಹೀಗೆ ತಿದ್ದಿಕೊಳ್ಳಿ.

ಹಳೆಯ ಬೋನು:

ಮೇಲಿನವರ ಮಾತಿನಿಂದ ನೆನಪಾದ ಎರಡು ಸಣ್ಣ ವಿಷಯಗಳು. ಬಲಿತ ನೊಣಗಳ ಬದಲು ಹುಳುಗಳನ್ನೇ ಸಂಗ್ರಹಿಸುವುದಾದರೆ, ಅವುಗಳ ಹೊಟ್ಟೆಯಲ್ಲಿ ತಿಂದ ಮಾಂಸದ ಡಿಎನ್‌ಎ ಇರುತ್ತದೆ, ಆದ್ದರಿಂದ ಕರುಳನ್ನು ತೆಗೆದು ಉಳಿದ ಭಾಗವನ್ನು ಬಳಸಿ. ಬಲಿತ ನೊಣವಾದರೆ ಒಂದು ಕಾಲು ಸಾಕು, ಉಳಿದ ದೇಹವನ್ನು ಗುರುತಿನ ಮಾದರಿಯಾಗಿ ಕಾಪಾಡಿ. ಹಿಡಿದ ಕೂಡಲೇ ನೀರು ಬೆರೆಸದ ಎಥನಾಲ್‌ನಲ್ಲಿ ಮುಳುಗಿಸಿ ತಣ್ಣಗಿಡಿ.

ಇನ್ನೊಂದು, ಮುಂದೆಂದಾದರೂ ಕ್ರೈಸೊಮಯ ರುಫಿಫೇಸಿಸ್ ಎಂಬ ಇನ್ನೊಂದು ಬ್ಲೋಫ್ಲೈ ಮೇಲೆ ಕೆಲಸ ಮಾಡಿದರೆ ಉಪಯೋಗಕ್ಕೆ ಬರುತ್ತದೆ. ಆ ಪ್ರಭೇದದಲ್ಲಿ ಒಂದು ಹೆಣ್ಣು ಒಂದೋ ಬರಿಯ ಗಂಡುಮಕ್ಕಳನ್ನು ಹಡೆಯುತ್ತದೆ, ಇಲ್ಲವೇ ಬರಿಯ ಹೆಣ್ಣುಮಕ್ಕಳನ್ನು. ಆದ್ದರಿಂದ ಒಂದು ಸಣ್ಣ ಹುಳುಗುಂಪನ್ನು ಸಾಕಿದಾಗ ಎಲ್ಲವೂ ಹೆಣ್ಣೇ ಆಗಿ ಹೊರಬಂದರೆ ಗಾಬರಿಯಾಗಬೇಡಿ. ಡಿಎನ್‌ಎ ಓದಿಸುವ ಮೊದಲೇ ಒಂದೇ ತಾಯಿಯ ಸುಳಿವು ಸಿಕ್ಕಿತೆಂದು ತಿಳಿಯಿರಿ.

ಕೀಟವಿದ್ಯಾರ್ಥಿ:

ಮೂವರ ಉತ್ತರಗಳನ್ನೂ ಮುದ್ರಿಸಿ ಮೇಜಿನ ಮೇಲಿಟ್ಟುಕೊಂಡು, ನಿನ್ನೆ ಸಂಜೆ ಸೀಸೆಗಳನ್ನೆಲ್ಲ ಮತ್ತೆ ಹೊರತೆಗೆದೆ. ನನ್ನ ಫಲಿತಾಂಶದಲ್ಲಿ ಎಲ್ಲಕ್ಕಿಂತ ಬೇರೆಯಾಗಿ ನಿಂತದ್ದು ನಾಲ್ಕನೆಯ ತಾಣ. ಅಲ್ಲಿಯ ಹದಿನೈದರಲ್ಲಿ ಹನ್ನೊಂದು ನೊಣಗಳ ಹ್ಯಾಪ್ಲೊಟೈಪ್ ಒಂದೇ. ಆ ಹನ್ನೊಂದರ ರೆಕ್ಕೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ನೋಡಿದೆ. ಒಂದರ ಅಂಚೂ ಹರಿದಿಲ್ಲ. ಉಳಿದ ನಾಲ್ಕರಲ್ಲಿ ಮೂರರ ರೆಕ್ಕೆ ಚಿಂದಿಯಾಗಿದೆ.

ಮುಂದಿನ ವಾರದಿಂದ ಪ್ರತಿ ತಾಣದಲ್ಲೂ ಎಂಟು ಬೋನುಗಳನ್ನು ಇಡಲು ಮಾರ್ಗದರ್ಶಕರನ್ನು ಒಪ್ಪಿಸಿದ್ದೇನೆ. ಬೋನುಗಳ ನಡುವೆ ಎಷ್ಟು ದೂರವಿದ್ದರೆ ಸಾಕು ಎಂಬುದರ ಬಗ್ಗೆ ಅನುಭವವಿದ್ದವರು ಬರೆದರೆ ಉಪಕಾರವಾಗುತ್ತದೆ.